ಸಲೋಮಿಯ ಸಾಕ್ಷಿ

ಹೆಂಗಸರ ಕುಡಿತ ಬಿಡಿಸುವ ಮಿಷನ್ ಆಶ್ರಮದಿಂದ ಸಲೋಮಿಗೆ ಅಂದು ಬಿಡುಗಡೆ. ಅಲ್ಲಿಯವರೆಗೆ ಸಾಕಿದ್ದ ಮೊಮ್ಮಗಳನ್ನು ಅವಳಿಗೆ ಒಪ್ಪಿಸಲು ಅತ್ತೆ ದೂರದೂರಿನಿಂದ ಬಂದಿದ್ದಳು. ದಾನಿಗಳು ಸೇರಿದ ಸಭೆಯಲ್ಲಿ, ತಾನು ಮಾಡಿದ ಪಾಪ ಒಪ್ಪಿಕೊಂಡು ದೇವರು ತನ್ನನ್ನು ಬದಲಾಯಿಸಿದ ಬಗ್ಗೆ ಸಾಕ್ಷಿ ಹೇಳುವುದೊಂದೇ ಬಾಕಿ.

“ಕುಡೀತಿದ್ದೆ, ಬಿಟ್ಟೆ ಅಂದ್ರೆ ಯಾರಮ್ಮ ಅಳ್ತಾರೆ?” ಎಂದರು ಆಶ್ರಮದ ಸಿಸ್ಟರ್. “ಪಾಪ ದೊಡ್ಡದಾದಷ್ಟೂ ದೇವರ ಮಹಿಮೆ ದೊಡ್ಡದು. ಮಗೂನ ಹೊಡೀತಿದ್ದೆ ಅನ್ನು.”

“ಒಂದಿನಾನೂ ಕೈ ಎತ್ತಿಲ್ಲ ಸಿಸ್ಟರ್!”

“ಅದು ದೇವರಿಗೆ ಗೊತ್ತು ಬಿಡು. ದಾನ ಕೊಡೋರಿಗೆ ಗೊತ್ತಾ?”

ಸಲೋಮಿ ಹೇಳಿದಳು. ಮಗುವನ್ನು ಹೊಡೆದೆ, ಬರೆ ಹಾಕಿದೆ ಎಂದಳು; ಅದೂ ಸಾಲದೇನೋ ಎಂದು, ಅದರ ಹಾಲಿಗೆ ಬ್ರಾಂದಿ ಬೆರೆಸಿದೆ ಎಂದೂ ತಾನೇ ಸೇರಿಸಿದಳು. ಸಭೆ ಬಿಕ್ಕಿ ಬಿಕ್ಕಿ ಅತ್ತಿತು. ಸಿಸ್ಟರ್ ಗಟ್ಟಿಯಾಗಿ ಸ್ತೋತ್ರ ಹೇಳಿದರು.

ಕೊನೆಯ ಬೆಂಚಿನಲ್ಲಿದ್ದ ಅತ್ತೆಯೂ ಕಣ್ಣೊರೆಸಿಕೊಂಡು ಎದ್ದಳು. ಮೊಮ್ಮಗಳನ್ನು ಎದೆಗವಚಿಕೊಂಡು, ಸೊಸೆಯ ಕಡೆ ತಿರುಗಿಯೂ ನೋಡದೆ ಬಸ್ ನಿಲ್ದಾಣದತ್ತ ನಡೆದಳು.