ಎರಡು ಮೊಹರಿನ ಪೆಟ್ಟಿಗೆ

ಮೂರನೇ ದಿನವೂ ಕಿಯು ಅಜ್ಜಿಯ ಶವಪೆಟ್ಟಿಗೆ ಮಕಾವ್ ಬಂದರಿನ ಕಟ್ಟೆಯ ಮೇಲೆ ಬಿಸಿಲಲ್ಲಿ ಒಣಗುತ್ತಿತ್ತು. ತಲೆಯ ಕಡೆ ಚೀನಾ ಚಕ್ರವರ್ತಿಯ ಕೆಂಪು ಚೀಟಿ, ಕಾಲಿನ ಕಡೆ ಪೋರ್ಚುಗಲ್ ರಾಣಿಯ ಅರಗಿನ ಮೊಹರು. ಮುಚ್ಚಳ ಬೇರೆಯಾಗಿ ಪಕ್ಕದ ಗೋಡೆಗೆ ಒರಗಿತ್ತು. ಮರ ಒಡೆಯದಿರಲಿ ಅಂತ ಒದ್ದೆ ಗೋಣಿಯಿಂದ ಹಲಗೆ ಒರೆಸಿ ಒರೆಸಿ ಅಜ್ಜಿಯ ಸೊಂಟ ಬಿದ್ದುಹೋಗಿತ್ತು. ಆದರೂ ಮೆರುಗೆಣ್ಣೆ ಆಗಲೇ ಎರಡು ಕಡೆ ಬಿರುಕು ಬಿಟ್ಟಿತ್ತು.

ಬದುಕಿರುವಾಗಲೇ ಪೆಟ್ಟಿಗೆ ಮಾಡಿಸಿ ಮನೆಯಲ್ಲಿಟ್ಟುಕೊಳ್ಳುವುದು ಅವಳ ಜನರಲ್ಲಿ ಎಲ್ಲರೂ ಮಾಡುವಂಥದ್ದೇ. ಆದರೆ ಕಿಯು ಅಜ್ಜಿಯ ಜೀವವೆಲ್ಲ ಅದರಲ್ಲೇ ಇತ್ತು. ಗಂಡ ಸಮುದ್ರದಲ್ಲಿ ಮುಳುಗಿ ಸತ್ತಾಗ ಅವನನ್ನು ಚಾಪೆಯಲ್ಲಿ ಸುತ್ತಿ ಹೂತಿದ್ದರು. ಚಾಪೆ ಗಿಡ್ಡವಾಗಿ ಹೊರಗೆ ಉಳಿದಿದ್ದ ಅವನ ಪಾದಗಳನ್ನು ಅವಳು ಮರೆತಿರಲಿಲ್ಲ. ಏನಾದರಾಗಲಿ, ತಾನು ಮಾತ್ರ ಚಾಪೆಯಲ್ಲಿ ಹೋಗುವುದಿಲ್ಲ ಅಂತ ಹಠ ಹಿಡಿದು ಹದಿಮೂರು ವರ್ಷ ಹಡಗಿನ ಹಾಯಿ ಹೊಲಿದು ಕಾಸು ಕೂಡಿಸಿದ್ದಳು. ನದಿಯ ಮೇಲ್ಗಡೆಯ ಊರಲ್ಲಿ ಮಾಡಿಸಿದ ಪೆಟ್ಟಿಗೆ ದೋಣಿಯಲ್ಲಿ ಬಂದು ಇಳಿಯಿತೋ ಇಲ್ಲವೋ, ಇಬ್ಬರು ಸುಂಕದವರು ಎರಡು ಕಡೆಯಿಂದ ಬಂದು ಹಿಡಿದರು.

ಕಟ್ಟೆಯ ಬಲಗಡೆ ಚಕ್ರವರ್ತಿಯ ಕಡೆಯ ತಾಮ್, ಎಡಗಡೆ ರಾಣಿಯ ಕಡೆಯ ಜನುವಾರಿಯೊ. ಇಬ್ಬರೂ ಇದೇ ಬಂದರಲ್ಲಿ ಹುಟ್ಟಿದವರು, ಒಂದೇ ಕೇರಿಯ ಗಂಜಿ ಕುಡಿದು ಬೆಳೆದವರು. ಕಟ್ಟೆ ಹತ್ತಿದರೆ ಮಾತ್ರ ಹಾವು ಮುಂಗುಸಿ.

"ಸುಂಕ ಕಟ್ಟಲ್ಲ ಅಂದ್ನೇನಪ್ಪ ನಾನು? ಇಬ್ರಿಗೂ ಕಟ್ತೀನಿ, ತಗೊಂಡು ಬಿಟ್ಟುಬಿಡಿ," ಅಂದಳು ಅಜ್ಜಿ, ಅವತ್ತಿಗೆ ಹತ್ತನೇ ಸಲ.

"ಅದೇ ಆಗಲ್ಲ ಅಜ್ಜಿ. ನೀನು ಅವನಿಗೂ ಕಟ್ಟಿದೆ ಅಂದ್ರೆ ಈ ನೆಲದಲ್ಲಿ ಅವನಿಗೂ ಹಕ್ಕಿದೆ ಅಂತ ನಾನೇ ಒಪ್ಪಿದ ಹಾಗೆ. ನನ್ನ ತಲೆ ಉಳಿಯುತ್ತಾ?" ಅಂದ ತಾಮ್.

"ಅವನಿಗೆ ಒಂದು ಕಾಸು ಕೊಟ್ರೂ ಪೆಟ್ಟಿಗೆ ಜಪ್ತಿ," ಅಂದ ಜನುವಾರಿಯೊ. "ಇದು ರಾಣಿಯ ನೆಲ. ನೀನು ರಾಣಿಯ ಪ್ರಜೆ."

"ಹುಟ್ಟಿದಾಗಿಂದ ಚಕ್ರವರ್ತಿಯ ಪ್ರಜೆ ಕಣೋ ಅವಳು. ನಿನ್ನ ರಾಣಿ ಮೊನ್ನೆ ಬಂದವಳು."

"ಹಂಗಾದ್ರೆ ನನ್ನನ್ನೇ ನಡುವೆ ಸೀಳಿ ಹಂಚ್ಕೊಳ್ಳಿ," ಅಂತ ಗೊಣಗಿ ಅಜ್ಜಿ ಮತ್ತೆ ಗೋಣಿ ಕೈಗೆತ್ತಿಕೊಂಡಳು.

ಮಧ್ಯಾಹ್ನದ ಹೊತ್ತಿಗೆ ಕಟ್ಟೆಯ ಕಲ್ಲು ಕಾದು ಕೂರಲಾಗಲಿಲ್ಲ. ಕಣ್ಣು ಕತ್ತಲೆ ಬಂತು. ಅಜ್ಜಿ ಚಪ್ಪಲಿ ಬಿಟ್ಟು, ಜೋಡಿಸಿಟ್ಟು, ಮೆಲ್ಲಗೆ ಪೆಟ್ಟಿಗೆಯೊಳಗೆ ಇಳಿದು ಕಾಲು ಚಾಚಿದಳು. ಒಳಗೆ ಹಲಗೆ ತಂಪಾಗಿತ್ತು, ಹೊಸ ಮರದ ವಾಸನೆ ಹಿತವಾಗಿತ್ತು. ಪಾದ ಎರಡೂ ಒಳಗೇ ಹಿಡಿದದ್ದು ನೋಡಿ ಅವಳಿಗೆ ಸಮಾಧಾನವಾಯಿತು. ಹಾಗೇ ಜೋಂಪು ಹತ್ತಿತು.

ಎಚ್ಚರವಾದದ್ದು ತಾಮ್‌ನ ದನಿಗೆ. "ಅಜ್ಜೀ... ಏ ಅಜ್ಜಿ." ಇನ್ನೇನು ಓಗೊಡಬೇಕು, ಅಷ್ಟರಲ್ಲಿ ಅವನೇ ಅಂದ: "ಹೋಗಿಬಿಟ್ಲು ಕಣೋ."

"ಮೂಗಿನ ಹತ್ರ ಕೈ ಇಟ್ಟು ನೋಡು."

"ನೀನೇ ನೋಡು. ನಿನ್ನ ರಾಣಿಯ ಪ್ರಜೆ ತಾನೆ?"

"ಹುಟ್ಟಿದಾಗಿಂದ ಚಕ್ರವರ್ತಿಯವಳು ಅಂತ ಬೆಳಿಗ್ಗೆ ಬಾಯಿ ಬಡ್ಕೊಂಡೋನು ಯಾರು?"

ಅಜ್ಜಿ ಬಾಯಿ ತೆರೆಯಲಿಲ್ಲ. ಹೆಣ ಬಿದ್ದ ನೆಲ ಯಾರದೋ, ಹೆಣವೂ ಅವರ ಕೊರಳಿಗೇ. ತಾಮ್‌ನ ಪಾಲಿಗೆ ಬಂದರೆ ಮೇಲಿನ ಅಧಿಕಾರಿ ಪರಿವಾರ ಕಟ್ಟಿಕೊಂಡು ಬಂದು, ವಿಚಾರಣೆ ಮುಗಿಯುವ ತನಕ ಅವನ ಮನೆಯಲ್ಲೇ ಉಂಡು ಮಲಗುತ್ತಾನೆ. ಜನುವಾರಿಯೊ ಪಾಲಿಗೆ ಬಂದರೆ ಮುದುಕಿಯನ್ನು ಮೂರು ದಿನ ಬಿಸಿಲಲ್ಲಿ ಕೂರಿಸಿದ್ದು ಯಾಕೆ ಅಂತ ಅವನು ಉತ್ತರ ಬರೆದುಕೊಡಬೇಕು. ಇದು ಬಂದರಿನಲ್ಲಿ ಯಾರಿಗೆ ಗೊತ್ತಿಲ್ಲ? ಮೂಗಿನ ಮೇಲೆ ನೊಣ ಓಡಾಡುತ್ತಿತ್ತು. ಅಜ್ಜಿ ತಡೆದುಕೊಂಡಳು.

ಪೆಟ್ಟಿಗೆ ದೋಣಿಯಿಂದ ಇಳಿದ ಉರುಳುಮರಗಳ ಮೇಲೇ ಇತ್ತು. ತಾಮ್ ಎಡಕ್ಕೆ ನೂಕಿದ, ಜನುವಾರಿಯೊ ಬಲಕ್ಕೆ ನೂಕಿದ. ಅಜ್ಜಿಯ ತಲೆ ಎರಡು ಸಲ ಹಲಗೆಗೆ ಬಡಿಯಿತು. ಆಮೇಲೆ ತಲೆಯ ಕಡೆ ಪರಪರ ಕಾಗದ ಕೀಳುವ ಸದ್ದು, ಕಾಲಿನ ಕಡೆ ಚಾಕುವಿನಿಂದ ಅರಗು ಕೆರೆಯುವ ಸದ್ದು.

"ನೋಡು, ನನ್ನ ಚೀಟಿ ಇಲ್ಲ. ಈ ಪೆಟ್ಟಿಗೇನ ನಾನು ಕಂಡೇ ಇಲ್ಲ."

"ನಾನೂ ಕಂಡಿಲ್ಲ. ಹಿಡಿ ಮತ್ತೆ, ಅವಳ ಗಲ್ಲಿಗೇ ಬಿಟ್ಟು ಬರೋಣ."

ಒಬ್ಬ ಎಳೆದ, ಒಬ್ಬ ತಳ್ಳಿದ. ಹಾಯಿ ಹೊಲಿಯುವವರ ಗಲ್ಲಿಯಲ್ಲಿ ಊಟದ ಹೊತ್ತು, ನರಪಿಳ್ಳೆ ಇರಲಿಲ್ಲ. ಅಜ್ಜಿಯ ಮನೆ ಬಾಗಿಲಿಗೆ ಪೆಟ್ಟಿಗೆ ತಂದು ನಿಲ್ಲಿಸಿ, ಬೆವರು ಒರೆಸಿಕೊಂಡು, ಇಬ್ಬರೂ ಒಟ್ಟಿಗೇ ತಿರುಗಿದರು.

"ಮುಚ್ಚಳ ಅಲ್ಲೇ ಬಿಟ್ಟು ಬಂದ್ರಲ್ಲಪ್ಪ," ಅಂತ ಹಿಂದಿನಿಂದ ಕೇಳಿಸಿತು.

ಅಜ್ಜಿ ಎದ್ದು ಕೂತು ಮೂಗು ಉಜ್ಜಿಕೊಳ್ಳುತ್ತಿದ್ದಳು. ಜನುವಾರಿಯೊ ಎದೆಯ ಮೇಲೆ ಶಿಲುಬೆ ಬರೆದುಕೊಂಡ. ತಾಮ್ ಹಿಂದಕ್ಕೆ ಹಾರಿ ಗೋಡೆಗೆ ಆತುಕೊಂಡ. ಅಲ್ಲಿಂದಲೇ ತೊದಲಿದ. "ಅಜ್ಜಿ... ಸುಂಕ..."

"ಕಟ್ತೀನಿ. ಈ ಪೆಟ್ಟಿಗೇನ ಕಂಡೋರು ಯಾರು ಹೇಳಿ, ಅವರಿಗೆ ಕಟ್ತೀನಿ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರೂ ಕಂಡಿರಲಿಲ್ಲ.

ಅಜ್ಜಿಗೆ ಗೆದ್ದೆನೆಂಬ ಖುಷಿಯೇನೂ ಆಗಲಿಲ್ಲ. ಕೆರೆದುಹೋದ ಮೆರುಗೆಣ್ಣೆಯ ಮೇಲೆ ಕೈಯಾಡಿಸಿದಳು. "ಬದುಕಿದ್ದಾಗ ಇಬ್ರಿಗೂ ಬೇಕಾದೆ, ಸತ್ತೆ ಅಂದ ಕೂಡಲೇ ಒಬ್ರಿಗೂ ಬೇಡವಾದೆ," ಅಂದಳು. "ಅದು ಗೊತ್ತಿದ್ದೇ ಕಣ್ರಪ್ಪ ನಾನು ಪೆಟ್ಟಿಗೆ ಮಾಡಿಸಿದ್ದು. ಹೋಗಿ, ಮುಚ್ಚಳ ತನ್ನಿ."