ಕಾಲಿಗೆ ನೀರು

“ಈ ಹಳೇ ಅಗ್ರಹಾರದಲ್ಲಿ ನೋಡಲೇಬೇಕಾದ ಮನೆ ಇದು,” ಎಂದ ನರೆಮೀಸೆಯ ಗೈಡ್. “ಜಗಲಿ ಮೇಲೆ ಕೂತಿದ್ದಾಳಲ್ಲ, ಮದುವೆಯಾದ ವರ್ಷವೇ ಇವಳ ಗಂಡ ಬಿಟ್ಟುಹೋದ. ಇವತ್ತಿಗೂ ಅವನ ಕಾಲಿಗೆ ನೀರಿಟ್ಟು ಕಾಯ್ತಾಳೆ. ತಲೆ ಸರಿಯಿಲ್ಲ, ಮಾತಾಡಿಸಬೇಡಿ. ಫೋಟೊ ಬೇಕಾದ್ರೆ ತೆಗೀರಿ.”

ಎಲ್ಲರೂ ತೆಗೆದರು. ಗೈಡ್ ಹೊಸ್ತಿಲ ಬಳಿಯ ಚೊಂಬು ಎತ್ತಿ, ಧೂಳು ಮೆತ್ತಿದ ತನ್ನ ಕಾಲಿಗೆ ಸುರಿದುಕೊಂಡು ಮುಂದೆ ನಡೆದ. ಗುಂಪು ನಗುತ್ತಾ ಹಿಂಬಾಲಿಸಿತು.

ಗುಂಪಿನಲ್ಲಿದ್ದ ಒಬ್ಬ ಹುಡುಗಿಗೆ ಮನಸ್ಸು ತಡೆಯಲಿಲ್ಲ. ಹಿಂದೆ ಉಳಿದು ಮೆಲ್ಲಗೆ ಕೇಳಿದಳು: “ಇಷ್ಟು ವರ್ಷ ಆದ್ಮೇಲೂ ಅವರು ಬರ್ತಾರೆ ಅಂತ ನಂಬಿದ್ದೀರಾ ಅಜ್ಜಿ?”

ಅಜ್ಜಿ ಖಾಲಿ ಚೊಂಬನ್ನು ಎತ್ತಿಕೊಂಡಳು.

“ಪ್ರತಿ ಭಾನುವಾರ ಬರ್ತಾರಲ್ಲಮ್ಮ, ನಿಮ್ಮಂಥೋರನ್ನೆಲ್ಲ ಕರ್ಕೊಂಡು.”