ಹದಿನೇಳನೆಯ ಸಲಹೆ

"ಲೇ ಸಂಯಮ, ಏನ್ ತಪ್ಪ ಮಾಡೀದಿ? ಮದಲ ಅದನ್ನ ಹೇಳು, ಆಮ್ಯಾಲ ಚಪ್ಪಲಿ ಬಿಡ್ತೀನಿ," ಎಂದು ಗಜಾನನ ಟಿಳಕವಾಡಿಯ ಆ ಮನೆಯ ಹೊಸ್ತಿಲ ಹೊರಗೇ ನಿಂತುಬಿಟ್ಟ. ಖಾನಾಪುರದಿಂದ ಬೆಳಗಿನ ಬಸ್ಸಿನಲ್ಲಿ ನಿಂತುಕೊಂಡೇ ಬಂದವನಲ್ಲಿ ಇಲ್ಲೂ ಕೂರುವ ಲಕ್ಷಣ ಕಾಣಿಸಲಿಲ್ಲ. ಮೊಬೈಲನ್ನು ಪೊಲೀಸರು ವಾರಂಟು ಹಿಡಿದ ಹಾಗೆ ಮುಂದೆ ಹಿಡಿದಿದ್ದ. "ತಿಳಿದೋ ತಿಳಿಯದೆಯೋ ನನ್ನಿಂದ ನಿಮಗೆ ನೋವಾಗಿದ್ದರೆ ಕ್ಷಮಿಸಿ" ಎಂದಿತ್ತು ಅದರಲ್ಲಿ. ಕೆಳಗೆ ಸಂಯಮನ ಹೆಸರು.

ಸಂಯಮ ನಕ್ಕ. ದಶಲಕ್ಷಣ ಪರ್ವ ಮುಗಿದ ಮೇಲೆ ಜೈನರು ಕಂಡವರೆಲ್ಲರ ಕ್ಷಮೆ ಕೇಳುವುದು ರೂಢಿ. ಅವನ ಅಜ್ಜ ಮನೆಮನೆಗೆ ಹೋಗಿ ಎರಡೂ ಕೈ ಮುಗಿಯುತ್ತಿದ್ದ. ಸಂಯಮ ಒಂದೇ ಹೆಬ್ಬೆರಳಲ್ಲಿ ಮುನ್ನೂರ ಹನ್ನೆರಡು ಮಂದಿಯನ್ನು ಮುಗಿಸಿದ್ದ.

"ಹಬ್ಬದ ಮೆಸೇಜೋ ಮಾರಾಯಾ! ಎಲ್ಲಾರಿಗೂ ಕಳಿಸೇನಿ. ನಳಾ ರಿಪೇರಿಯವಗೂ ಹೋಗೇತಿ."

"ಹತ್ತ ವರ್ಷ ಫೋನ್ ಮಾಡದಾಂವ ಒಮ್ಮೆಲೆ ಕ್ಷಮಿಸು ಅಂದ್ರ ಮಂದಿ ಏನ್ ತಿಳಕೋಬೇಕು? 'ಲಗೂನ ಹೋಗಿ ನೋಡ್ರಿ, ಮನಷ್ಯಾ ಏನರ ಮಾಡ್ಕೊಂಡಾನು' ಅಂತ ನಮ್ಮ ಪೂನಮ ಅರ್ಧಾ ಚಹಾದಾಗ ಎಬ್ಬಿಸಿ ಕಳಿಸ್ಯಾಳ. ಸಾಲಿಗೆ ರಜಾ ಹಾಕಿ ಬಂದೇನಿ." ಹೆಂಡತಿಯ ಗಾಬರಿಯನ್ನು ಗಜಾನನ ಅವಳ ದನಿಯಲ್ಲೇ ಒಪ್ಪಿಸಿದ.

ಒಳಗಿನಿಂದ ಸಂಯಮನ ತಾಯಿ ತಾರಾಬಾಯಿ ಕೈ ಒರೆಸಿಕೊಳ್ಳುತ್ತ ಬಂದರು. "ಬಾರಪ್ಪಾ ಗಜಾನನ, ಒಳಗ ಬಾ, ಕುಂಡ್ರು," ಎಂದವರು ಮಗನ ಕಡೆ ತಿರುಗಿದರು. "ರಜಾ ಹಾಕಿ ಬಂದಾನ, ಬರೇ ಕೈಲೆ ಕಳಸಬ್ಯಾಡ. ಏನರ ಒಂದ ಮಾಡೇ ಇರತಿ. ನೆನಪ ಮಾಡ್ಕೊ."

ನೆನಪು ಮಾಡಿಕೊಳ್ಳುವ ಕಷ್ಟವೇನೂ ಇರಲಿಲ್ಲ. ತಪ್ಪು ಮೇಜಿನ ಮೇಲೆ, ಲ್ಯಾಪ್‌ಟಾಪಿನಲ್ಲಿ, ತೆರೆದೇ ಇತ್ತು. ಆರು ಮಂದಿ ಸಾಹಸಿಗರು ಗುಹೆ ಗುಹೆ ಇಳಿದು ಡ್ರ್ಯಾಗನ್ನನ್ನು ಕೊಲ್ಲುವ ಹಳೆಯ ಕಂಪ್ಯೂಟರ್ ಆಟವೊಂದಕ್ಕೆ ಸಂಯಮ ಕನ್ನಡದಲ್ಲಿ ನಲವತ್ತು ಸಲಹೆಗಳ ಪುಟ ನಡೆಸುತ್ತಿದ್ದ. ಮಂತ್ರಗಾತಿಯನ್ನು ಮುಂದಿನ ಸಾಲಿನಲ್ಲಿ ನಿಲ್ಲಿಸಬೇಡಿ. ಗುಹೆಗಿಳಿಯುವ ಮೊದಲು ಆಟವನ್ನು ಉಳಿಸಿಕೊಳ್ಳಿ. ಸಿಕ್ಕ ಪೆಟ್ಟಿಗೆಗೆ ಕೈ ಹಾಕಬೇಡಿ, ಮೊದಲು ತಂಡದ ಕಳ್ಳನನ್ನು ಕಳಿಸಿ. ಹನ್ನೊಂದು ಸಾವಿರ ಓದುಗರು ಅವನನ್ನು 'ಸರ್' ಎನ್ನುತ್ತಿದ್ದರು. ಆ ನಲವತ್ತೂ, ಇಬ್ಬರೂ ಒಂದೇ ಹಾಸ್ಟೆಲಿನಲ್ಲಿದ್ದಾಗ, ಗಜಾನನ ಪರೀಕ್ಷೆ ಬಿಟ್ಟು ಆಡಿ, ಸತ್ತು, ಮತ್ತೆ ಆಡಿ ನೋಟ್‌ಬುಕ್ಕಿನಲ್ಲಿ ಬರೆದಿಟ್ಟವು. ಬಾಯಿ ಮುಚ್ಚಿಕೊಂಡಿದ್ದರೆ ಗಜಾನನ ಚಹಾ ಕುಡಿದು ಹೋಗುತ್ತಾನೆ. ಬಾಯಿ ಬಿಟ್ಟರೆ ಗೆಳೆಯನೂ ಹೋದಾನು, ಸರ್ ಎನ್ನಿಸಿಕೊಳ್ಳುವುದೂ ಹೋದೀತು. ತಾಯಿ ಅಲ್ಲೇ ನಿಂತಿದ್ದರು. ಸಂಯಮ ಲ್ಯಾಪ್‌ಟಾಪನ್ನು ಗೆಳೆಯನತ್ತ ತಿರುಗಿಸಿದ.

ಗಜಾನನ ಹೊಸ್ತಿಲಿಂದಲೇ ಬಗ್ಗಿ, ತುಟಿ ಅಲ್ಲಾಡಿಸುತ್ತ ಓದಿದ. "ಇವು ನನ್ನವು."

"ಹೂಂ. ನಿನ್ನ ನೋಟ್‌ಬುಕ್ ಕದ್ದ ಝೆರಾಕ್ಸ್ ಮಾಡಿಸಿದ್ದೆ. ಮದಲ ನಿನ್ನ ಹೆಸರ ಹಾಕಬೇಕಂತನ ಇದ್ದೆ. ಮಂದಿ ಸರ್ ಸರ್ ಅನ್ನಾಕತ್ತರು. ಆಮ್ಯಾಲ ಹಾಕಾಕ ಆಗಲಿಲ್ಲ."

ಗಜಾನನ ಚಪ್ಪಲಿ ಬಿಟ್ಟು ಒಳಗೆ ಬಂದ. ಆಮೇಲೆ ಕೇಳಿದ: "ಹದಿನೇಳನೇದೂ ಹಾಕೀಯೇನು?"

"ಹಾಕೇನಿ."

"ಆಡಿ ನೋಡೀಯೇನು?"

"ಹದಿನಾರರ ತನಕ ಆಡೇನಿ."

ಗಜಾನನ ಕುರ್ಚಿಯ ಮೇಲೆ ಕುಸಿದು ನಗತೊಡಗಿದ. "ಹದಿನೇಳನೇದು ಸುಳ್ಳಲೇ! ಯಾವನೋ ನನ್ನ ನೋಟ್‌ಬುಕ್ ಕದ್ದ ಓದಾಕತ್ತಾನಂತ ಆವಾಗನ ವಾಸನಿ ಹತ್ತಿತ್ತು. ಸೇತುವಿ ಮ್ಯಾಲಿನ ಮುದುಕಿ ಉಂಗುರಾ ಕೇಳಿದ್ರ ಕೊಡ್ರಿ ಅಂತ ಬೇಕಂತನ ಬರದಿದ್ದೆ. ಕೊಟ್ರ ಸೇತುವಿ ಮುರದ ಆರೂ ಮಂದಿ ನೀರಾಗ! ನೀರಾಗ ಬಿದ್ದಾಂವನ ಕಳ್ಳ!" ಕಣ್ಣೊರೆಸಿಕೊಂಡ. "ಮೂವತ್ತೊಂಬತ್ತಕ್ಕ ನನ್ನ ಹೆಸರ ಹಾಕು. ಹದಿನೇಳಕ್ಕ ನಿಂದ ಇರಲಿ."

ಸಂಯಮನಿಗೆ ನಗಲಾಗಲಿಲ್ಲ. ಆ ಸಲಹೆಯ ಕೆಳಗಿನ ಓದುಗರ ಸಾಲುಗಳನ್ನು ತೆರೆದ. ಸೇತುವೆ ಮುರಿಯಿತು ಎಂದವರು ನೂರಾರು ಮಂದಿ. ಒಬ್ಬೊಬ್ಬರಿಗೂ ಅವನದು ಒಂದೇ ಉತ್ತರ: "ನಿಮ್ಮ ತಂಡದ ಬಲ ಸಾಲದು. ಇನ್ನೂ ಹತ್ತು ಯುದ್ಧ ಗೆದ್ದು ಬನ್ನಿ." ಗಜಾನನ ಅದನ್ನೂ ಸ್ವಾಮಿಗಳ ಆಶೀರ್ವಚನದ ಧಾಟಿಯಲ್ಲಿ ಓದಿ ತೋರಿಸುತ್ತಿದ್ದ. ಅಥಣಿಯ ಶಶಿಧರ ಎಂಬವನ ಸಾಲಿಗೆ ಬಂದಾಗ ಧಾಟಿ ನಿಂತಿತು: "ಮೂರು ವಾರದಿಂದ ಮುಳುಗುತ್ತಿದ್ದೇನೆ ಸರ್. ತಪ್ಪು ನನ್ನದೇ ಇರಬೇಕು."

ಗಜಾನನ ಅದನ್ನು ಇನ್ನೊಮ್ಮೆ, ಮನಸ್ಸಿನಲ್ಲೇ, ಓದಿಕೊಂಡ. "ಹದಿನೇಳಕ್ಕೂ ನನ್ನ ಹೆಸರ ಹಾಕು," ಎಂದ.

"ಇಬ್ಬರೂ ಕೂಡೇ ಕ್ಷಮಾ ಕೇಳ್ರಿ," ಎಂದರು ತಾರಾಬಾಯಿ. "ಒಬ್ಬೊಬ್ಬರಿಗೂ ಬ್ಯಾರೆ ಬ್ಯಾರೆ ಬರೀರಿ. ಗುತ್ತಿಗಿ ಕೆಲಸ ಬ್ಯಾಡ."

ಮೊದಲು ಶಶಿಧರನಿಗೆ ಬರೆದರು. ಕದ್ದದ್ದನ್ನು ಸಂಯಮ ಬರೆದ, ಸುಳ್ಳನ್ನು ಗಜಾನನ ಹೇಳಿ ಬರೆಸಿದ. ಎರಡು ನಿಮಿಷದಲ್ಲಿ ಉತ್ತರ ಬಂತು: "ಕ್ಷಮೆ ಎಲ್ಲ ಇರಲಿ ಸರ್, ಕ್ಷಮಿಸಿದೆ. ಈಗ ಸೇತುವೆ ಮೇಲೇ ನಿಂತಿದ್ದೇನೆ. ಮುದುಕಿ ಕೈ ಚಾಚಿದ್ದಾಳೆ, ಉಂಗುರ ಕೊಡದಿದ್ದರೆ ದಾರಿ ಬಿಡುವುದಿಲ್ಲ. ಖರೇ ಏನು ಮಾಡಬೇಕು, ಬೇಗ ಹೇಳಿ."

ಸಂಯಮ ಕೀಲಿಗಳ ಮೇಲೆ ಬೆರಳಿಟ್ಟು ಗೆಳೆಯನ ಮುಖ ನೋಡಿದ. ಗಜಾನನ ಹಣೆ ತಿಕ್ಕಿಕೊಂಡ, ಸೂರು ನೋಡಿದ, ಕೊನೆಗೆ ತಾರಾಬಾಯಿಯ ಮುಖವನ್ನೂ ನೋಡಿದ.

"ಹದಿನೇಳರಾಗ ಸುಳ್ಳಷ್ಟ ಬರದಿಟ್ಟಿದ್ದೆ, ಅವ್ವಾರ," ಎಂದ. "ಖರೇದು ಹೆಂಗೂ ನೆನಪ ಇರತೈತಿ ಅಂತ ಎಲ್ಲೂ ಬರೀಲಿಲ್ಲ."